ಭಟ್ಟಿಗೆ ಹೊರಗಿನಿಂದ ಏನೂ ಬೇಡ

3 ಫೆಬ್ರವರಿ 1998, ಮಂಗಳವಾರ. ಹರಿಹರ

ಹಾಲೇಶಪ್ಪ ಮೇಷ್ಟ್ರು ನನ್ನ ಪುಸ್ತಿಕೆಯನ್ನು ಕದ್ದಿದ್ದಾರೆ.

ಇದಕ್ಕೆ ಇದಕ್ಕಿಂತ ಮೆತ್ತಗಿನ ಮಾತು ನನ್ನಲ್ಲಿಲ್ಲ. ಇವತ್ತು ದಾವಣಗೆರೆಯ ಪುಸ್ತಕದಂಗಡಿಯಲ್ಲಿ ಗಾಜಿನ ಹಿಂದೆ ನೋಡಿದೆ. ‘ಜೀವದ ಮೊದಲ ಒಲೆ’. ಕೆಳಗೆ ‘ಪ್ರೊ. ಹಾಲೇಶಪ್ಪ’. ಹಿಂಬದಿಯಲ್ಲಿ ಗಲ್ಲಕ್ಕೆ ಕೈಯಿಟ್ಟು ಯೋಚಿಸುತ್ತಿರುವ ಫೋಟೋ. ಅಂಗಡಿಯಲ್ಲೇ ನಿಂತು ನಲವತ್ತೆಂಟು ಪುಟವನ್ನೂ ಓದಿದೆ. ಅಂಗಡಿಯವನು ಎರಡು ಸಲ ಕೆಮ್ಮಿದ. ನಾನು ಕದಲಲಿಲ್ಲ. ಓದಿ ಮುಗಿಸಿ ಒಂದು ಪ್ರತಿ ಕೊಂಡೆ.

ಮೊದಲ ಸಾಲೇ ನನ್ನದು: ‘ಜೀವ ಹೇಗೆ ಹುಟ್ಟಿತೆಂದು ಕೇಳುವವರೆಲ್ಲ ಅಡುಗೆಯ ಪುಸ್ತಕವನ್ನು ಹುಡುಕುತ್ತಾರೆ, ಒಲೆಯನ್ನು ಹುಡುಕುವುದಿಲ್ಲ.’ ಆಮೇಲಿನದೂ ನನ್ನದೇ. ಸಮುದ್ರದ ತಳದಲ್ಲಿ ಬಿಸಿನೀರು ಉಕ್ಕುವ ಕಡೆ ಕಬ್ಬಿಣವೂ ಗಂಧಕವೂ ಕೂಡಿ ಕಪ್ಪು ಖನಿಜವಾಗುವಾಗ, ಅದರ ಮೈಮೇಲೆ ಇಂಗಾಲದ ಸಣ್ಣ ಅಣುಗಳು ಒಂದಕ್ಕೊಂದು ಸೇರುತ್ತ, ಸುತ್ತು ಹೊಡೆದು, ಹೊರಟಲ್ಲಿಗೇ ಮರಳಿ ಬಂದಿರಬಹುದು ಎಂಬ ವಾದ. ವಂಶವಾಹಿ ಹುಟ್ಟುವ ಮೊದಲೇ ಚಯಾಪಚಯ, ಅಂದರೆ ಉಣ್ಣುವ ಮತ್ತು ಕಟ್ಟಿಕೊಳ್ಳುವ ಕೆಲಸ, ಶುರುವಾಗಿರಬಹುದು ಎಂಬ ವಾದ. ಇದನ್ನು ಮುಂದಿಟ್ಟ ಜರ್ಮನಿಯವನು ಕಾಲೇಜಿನ ಪ್ರೊಫೆಸರ್ ಅಲ್ಲ, ಪೇಟೆಂಟ್ ವಕೀಲ ಎಂದು ಓದಿದ ದಿನ ನಾನು ಮನೆಯಲ್ಲಿ ಕುಣಿದಿದ್ದೆ. ಆ ಖುಷಿಯ ಸಾಲೂ ಇದೆ. ಪ್ರೊಫೆಸರರ ಹೆಸರಿನಲ್ಲಿ!

ನಾನು ಬಿ.ಎಸ್ಸಿ. ಎರಡನೇ ವರ್ಷಕ್ಕೆ ಬಿಟ್ಟವಳು. ಹತ್ತನೇ ತರಗತಿಯವರಿಗೆ ಮನೆಪಾಠ ಹೇಳುವವಳು. ಉಳಿದ ಓದೆಲ್ಲ ನಮ್ಮ ‘ಅರಿವು ಬಳಗ’ ಊರೂರಿಗೆ ಹೊತ್ತು ಮಾರುವ ಪುಸ್ತಿಕೆಗಳಿಂದ, ಮತ್ತು ಬಳಗದ ಅಧ್ಯಕ್ಷರಾದ ಇದೇ ಮೇಷ್ಟ್ರು ಕಾಲೇಜಿನಿಂದ ತಂದುಕೊಡುತ್ತಿದ್ದ ಪತ್ರಿಕೆಗಳಿಂದ. ಹೋದ ಆಷಾಢದಲ್ಲಿ ನನ್ನ ಕೈಬರಹದ ಒಂದೇ ಒಂದು ಪ್ರತಿಯನ್ನು ಅವರ ಕೈಗೆ ಕೊಟ್ಟೆ. ದೀಪಾವಳಿಗೆ ಕೇಳಿದಾಗ ‘ಎಲ್ಲೋ ಇಟ್ಟೆ ಮಾಸೂಮಾ, ಸಿಗವಲ್ದು’ ಎಂದರು. ಪಾಪ ಎಂದು ನಾನೇ ಅವರಿಗೆ ಸಮಾಧಾನ ಹೇಳಿದ್ದೆ.

ಇದೇ ಇಪ್ಪತ್ತೆಂಟಕ್ಕೆ ವಿಜ್ಞಾನ ದಿನ. ಬಳಗದ ಸಭೆಯಲ್ಲಿ ಪುಸ್ತಕದ ಬಿಡುಗಡೆಯಂತೆ. ಒಳ್ಳೆಯದು. ಅದೇ ವೇದಿಕೆಯಲ್ಲಿ, ಅದೇ ಮೈಕಿನಲ್ಲಿ, ಅವರ ಬಾಯಿಂದಲೇ ‘ಇದು ಮಾಸೂಮಾ ಬರೆದದ್ದು’ ಎಂದು ಹೇಳಿಸುತ್ತೇನೆ. ಹೇಳಿಸದಿದ್ದರೆ ಪೆನ್ನು ಮುಟ್ಟುವುದಿಲ್ಲ.

5 ಫೆಬ್ರವರಿ, ಗುರುವಾರ

ವೀರೇಶನನ್ನು ಕರೆದುಕೊಂಡು ದಾವಣಗೆರೆಯ ಸರಸ್ವತಿ ನಗರದಲ್ಲಿರುವ ಮೇಷ್ಟ್ರ ಮನೆಗೆ ಹೋದೆ. ವೀರೇಶ ಬಳಗದ ಕಾರ್ಯದರ್ಶಿ, ನಿಟ್ಟುವಳ್ಳಿಯಲ್ಲಿ ಸೈಕಲ್ ರಿಪೇರಿ ಅಂಗಡಿ. ಸಾಕ್ಷಿಗೆ ಒಬ್ಬರಿರಲಿ ಎಂದು.

ಮೇಷ್ಟ್ರು ಗಾಬರಿಯಾಗಲಿಲ್ಲ. ಅದಕ್ಕೇ ನನಗೆ ಹೆಚ್ಚು ಉರಿಯಿತು.

“ಸರ್, ಇದು ನಾನು ಬರೆದಿದ್ದು.”

“ಯಾರು ಬರೆದಿದ್ದು ಅಂತ ನಮ್ಮ ಬಳಗದಾಗೆ ಯಾವಾಗಿಂದ ಕೇಳಾಕ ಹತ್ತಿದ್ರಿ? ಕಡರನಾಯಕನಹಳ್ಳಿ ಶಿಬಿರದಾಗೆ ಠರಾವು ಮಂಡಿಸಿದೋಳು ಯಾರಮ್ಮ? ‘ಪುಸ್ತಿಕೆ ಮೇಲೆ ಯಾರ ಹೆಸರೂ ಬ್ಯಾಡ, ಜ್ಞಾನ ಯಾರಪ್ಪನ ಆಸ್ತಿನೂ ಅಲ್ಲ.’ ಮೇಜು ಗುದ್ದಿ ಹೇಳಿದ್ದಿ. ನಾನು ಚಪ್ಪಾಳೆ ಹೊಡೆದಿದ್ದೆ.”

“ಹಂಗಾದ್ರೆ ನಿಮ್ಮ ಹೆಸರು ಯಾಕ ಐತ್ರಿ ಸರ್?” ಎಂದ ವೀರೇಶ.

“ಪ್ರಕಾಶಕರು ಹೆಸರಿಲ್ದ ಪುಸ್ತಕ ಹಾಕಂಗಿಲ್ಲ ಅಂದ್ರು. ಯಾರದಾದ್ರೂ ಒಂದು ಬೇಕಾಗಿತ್ತು. ನಂದು ಕೊಟ್ಟೆ.”

ಕೊಟ್ಟರಂತೆ. ದಾನ ಮಾಡಿದ ಹಾಗೆ.

“ನನ್ನ ಕೈಬರಹ ಎಲ್ಲಿ ಸರ್?”

“ಕೈಬರಹ? ಯಾವುದಮ್ಮ?”

ಅವರ ಹೆಂಡತಿ ಗುರುಶಾಂತಮ್ಮ ಎರಡು ತಟ್ಟೆ ಮಂಡಕ್ಕಿ ಒಗ್ಗರಣೆ ತಂದಿಟ್ಟು, “ತಗೋಳ್ರಿ, ಹೊತ್ತಾದ್ರೆ ಮೆತ್ತಗಾಗ್ತಾವೆ” ಎಂದರು. ನಾನು ಮುಟ್ಟಲಿಲ್ಲ. ವೀರೇಶ ತನ್ನದನ್ನೂ ತಿಂದ, ನನ್ನದನ್ನೂ ತಿಂದ. ಹೊರಗೆ ಬಂದ ಮೇಲೆ ಬೈದೆ. “ಸಿಟ್ಟು ನಿಂದು ಮಾರಾಯ್ತಿ, ಹಸಿವು ನಂದು” ಎಂದ.

ಠರಾವು ನನ್ನದೇ. ಅದೇ ಈಗ ನನ್ನ ಕತ್ತಿಗೆ. ಕಳ್ಳ ಬರಬಹುದೆಂದು ಯೋಚಿಸದೆ, ಬಾಗಿಲಿಗೆ ಚಿಲಕವೇ ಬೇಡ ಎಂದು ಮೇಜು ಗುದ್ದಿದ ಮೂರ್ಖಿ ನಾನು.

8 ಫೆಬ್ರವರಿ, ಭಾನುವಾರ

ಸಿಕ್ಕಿತು! ಸಿಕ್ಕಿಬಿದ್ದರು!

ಮೂವತ್ತೊಂದನೇ ಪುಟ: ‘ನಮ್ಮೂರ ಮಂಡಕ್ಕಿ ಭಟ್ಟಿಯನ್ನು ನೋಡಿ. ಭತ್ತದಿಂದ ಮಂಡಕ್ಕಿ. ಅದೇ ಭತ್ತದ ಹೊಟ್ಟಿನಿಂದ ಒಲೆಗೆ ಬೆಂಕಿ. ಆ ಬೆಂಕಿಯಿಂದ ಮತ್ತೆ ಮಂಡಕ್ಕಿ. ಭಟ್ಟಿಗೆ ಹೊರಗಿನಿಂದ ಏನೂ ಬೇಡ. ಜೀವದ ಮೊದಲ ಸುತ್ತೂ ಹೀಗೆಯೇ ತನ್ನನ್ನು ತಾನೇ ನಡೆಸಿಕೊಂಡಿತು.’

ಇಡೀ ಪುಸ್ತಕದ ಜೀವ ಇರುವುದು ಈ ಸಾಲುಗಳಲ್ಲಿ. ಇದನ್ನು ಮೇಷ್ಟ್ರು ಹೇಗೆ ಬರೆದಾರು? ಮಂಡಕ್ಕಿಯನ್ನು ಅವರು ತಟ್ಟೆಯಲ್ಲಿ ಮಾತ್ರ ನೋಡಿದವರು. ನನ್ನ ತಾಯಿಯ ತಮ್ಮ ಗೌಸ್ ಪೀರ್ ಮಾಮು ದಾವಣಗೆರೆಯಲ್ಲಿ ಭಟ್ಟಿ ನಡೆಸುತ್ತಾರೆ. ಹೋದ ವರ್ಷ ರಂಜಾನ್ ಹಬ್ಬದ ಊಟಕ್ಕೆ ಬಂದಾಗ ಈ ಮಾತನ್ನು ಅವರೇ ಹೇಳಿದ್ದು. ನಾನು ಅಲ್ಲೇ ಕೈ ತೊಳೆದು ಎದ್ದು ಬರೆದುಕೊಂಡಿದ್ದೆ.

ಮಾಮುವೇ ನನ್ನ ಸಾಕ್ಷಿ. ಸಭೆಯಲ್ಲಿ ಅವರನ್ನು ಎಬ್ಬಿಸಿ ನಿಲ್ಲಿಸುತ್ತೇನೆ. ಮೇಷ್ಟ್ರ ಮುಖ ಹೇಗಾಗುತ್ತದೆ ಎಂದು ನೆನೆದೇ ಇವತ್ತು ಎರಡು ರೊಟ್ಟಿ ಹೆಚ್ಚು ತಿಂದೆ.

9 ಫೆಬ್ರವರಿ, ಸೋಮವಾರ

ಅಮ್ಮನಿಗೆ ಲೈಬ್ರರಿ ಎಂದು ಹೇಳಿ ಬಸ್ ಹತ್ತಿದೆ. ಅಮ್ಮ ಹುಟ್ಟಿ ಬೆಳೆದದ್ದು ಭಟ್ಟಿಯಲ್ಲೇ. ಕೆಮ್ಮು ಅಂಟಿಸಿಕೊಂಡು ಹರಿಹರಕ್ಕೆ ಮದುವೆಯಾಗಿ ಬಂದವಳು. ‘ನಿನಗೆ ಆ ಮಸಿ ಹತ್ತಬಾರದು ಅಂತಲೇ ಓದಿಸ್ತಿರೋದು’ ಎಂದು ನನ್ನನ್ನು ಒಂದು ದಿನವೂ ಅಲ್ಲಿಗೆ ಕಳಿಸಲಿಲ್ಲ. ಅಂದರೆ, ಇಪ್ಪತ್ತೆರಡು ವರ್ಷಕ್ಕೆ ಇವತ್ತೇ ನಾನು ಭಟ್ಟಿಯ ಒಳಗೆ ಕಾಲಿಟ್ಟದ್ದು.

ಒಳಗೆ ಕಣ್ಣು ಬಿಡಲಾಗಲಿಲ್ಲ. ತಗಡಿನ ಮಾಡು, ಮಸಿ, ಉಪ್ಪಿನ ವಾಸನೆ. ಒಲೆಯ ಮೇಲೆ ದೊಡ್ಡ ಬಾಣಲೆ, ಅದರಲ್ಲಿ ಕಾದ ಮರಳು. ಅಕ್ಕಿ ಸುರಿದರೆ ಮೂರೆಣಿಸುವಷ್ಟರಲ್ಲಿ ಅರಳಿ ಬೆಳ್ಳಗಾಗುತ್ತದೆ. ಒಲೆಯ ಬಾಯಿಯಲ್ಲಿ ಕೂತವಳು ತಿಮ್ಮವ್ವ. ಇಪ್ಪತ್ತು ವರ್ಷದಿಂದ ಮಾಮುವಿನ ಭಟ್ಟಿಗೆ ಬೆಂಕಿ ನೋಡಿಕೊಳ್ಳುವವಳು.

ಮಾಮುವಿನ ಎದುರು ಮೂವತ್ತೊಂದನೇ ಪುಟವನ್ನು ಗಟ್ಟಿಯಾಗಿ ಓದಿದೆ. ‘ಭಟ್ಟಿಗೆ ಹೊರಗಿನಿಂದ ಏನೂ ಬೇಡ’ ಎಂದದ್ದೇ ತಡ, ತಿಮ್ಮವ್ವ ಸಲಾಕೆ ಕೆಳಗಿಟ್ಟು ನಗತೊಡಗಿದಳು. ನಕ್ಕು ನಕ್ಕು ಕೆಮ್ಮು ಬಂತು.

“ಯಾವ ಶಾಣ್ಯಾ ಬರದಾನವ್ವ ಇದನ್ನ? ಹೊಟ್ಟಿನಾಗೆ ಭಟ್ಟಿ ನಡೆಯಂಗಿದ್ರೆ ಅಗೋ ಆ ಕಟ್ಟಿಗಿ ರಾಶಿ ಏನು, ಇವರ ಮದುವಿ ಚಪ್ಪರಕ್ಕೆ ತಂದಿದ್ದಾ?”

ಹಿತ್ತಲಿನಲ್ಲಿ ಆಳೆತ್ತರ ಕಟ್ಟಿಗೆ. ಪಕ್ಕದಲ್ಲಿ ಗರಗಸದ ಪುಡಿಯ ಚೀಲಗಳು.

“ಮಾಮು, ನೀವೇ ಹೇಳಿದ್ದಲ್ಲ? ಅದರ ಹೊಟ್ಟೇ ಅದಕ್ಕೆ ಬೆಂಕಿ ಅಂತ?”

ಮಾಮು ತಲೆ ಕೆರೆದುಕೊಂಡರು. “ಅರೆ ಬೇಟಿ, ಅವತ್ತು ನಿಮ್ಮಮ್ಮ ಎಲ್ಲಾರ ಮುಂದೆ ‘ಭಟ್ಟಿ ಹೆಂಗೈತೋ, ನಡೀತೈತೋ ಇಲ್ವೋ’ ಅಂದ್ಲು. ಆಪಾ ಮುಂದೆ ನಾನು ಸಣ್ಣೋನಾಗ್ಲಾ? ಒಂದು ಮಾತು ದೊಡ್ಡದಾಗಿ ಬಿಟ್ಟೆ. ನೀನು ಅದನ್ನ ಬರಕೊಂಡು ಹೋಗ್ತಿ ಅಂತ ಯಾರಿಗೆ ಗೊತ್ತಿತ್ತು?”

ತಿಮ್ಮವ್ವ ನನ್ನನ್ನು ಮೇಲಿಂದ ಕೆಳಕ್ಕೆ ನೋಡಿದಳು. “ಓಹೋ, ಶಾಣ್ಯಾ ಅಲ್ಲ. ಶಾಣ್ಯಾಕಿ.”

10 ಫೆಬ್ರವರಿ, ಮಂಗಳವಾರ

ಬಳಗದ ಬಾವುಟದ ಮೇಲೆ ನನ್ನದೇ ಅಕ್ಷರದಲ್ಲಿ ಬರೆದದ್ದು: ‘ಕೇಳಿ ನಂಬಬೇಡ, ನೋಡಿ ನಂಬು.’

ಬರೆಯಲು ಬೇರೇನೂ ಇಲ್ಲ.

11 ಫೆಬ್ರವರಿ, ಬುಧವಾರ

ನಿನ್ನೆ ದಿನವಿಡೀ ನಾಚಿಕೆ. ಇವತ್ತು ಮತ್ತೆ ಸಿಟ್ಟು. ಸಿಟ್ಟೇ ವಾಸಿ, ಕೈಕಾಲು ಆಡುತ್ತವೆ.

ಯೋಚಿಸಿ ನೋಡಿದೆ. ತಪ್ಪಾಗಿರುವುದೇ ಒಳ್ಳೆಯದಾಯಿತು. ಸರಿಯಾದದ್ದನ್ನು ಇಬ್ಬರು ಬೇರೆ ಬೇರೆ ಕೂತು ಬರೆದಿರಬಹುದು. ಇಂಥ ತಪ್ಪನ್ನು ಇಬ್ಬರು ಬರೆಯಲಾರರು. ಇದು ನಮ್ಮ ಮನೆಯ ಊಟದಲ್ಲಿ ಹುಟ್ಟಿದ ತಪ್ಪು. ಇದು ಅವರ ಪುಸ್ತಕದಲ್ಲಿದೆ ಎಂದರೆ ನನ್ನ ಹಾಳೆಯಿಂದಲೇ ಹೋಗಿದೆ.

ವೀರೇಶನ ಅಂಗಡಿಗೆ ಹೋಗಿ ಹೇಳಿದೆ. ಅವನು ಪಂಕ್ಚರ್ ಹುಡುಕುತ್ತ ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಕೂತಿದ್ದ.

“ಅಂದ್ರೆ ಕಳ್ಳನ್ನ ಹಿಡಿಬೇಕಂದ್ರೆ ನೂರಾರು ಮಂದಿ ಮುಂದೆ ‘ಈ ದಡ್ಡತನ ನಂದು’ ಅಂತ ನೀನೇ ಹೇಳ್ಬೇಕು?”

“ಹೇಳ್ತೀನಿ.”

“ಆಮ್ಯಾಲೆ ಪುಸ್ತಕ ನಂದು ಅಂತ ಗೆದ್ದು ಏನು ಮಾಡ್ತಿ? ತಪ್ಪು ಪುಸ್ತಕ ಅದು.”

ಅದು ಆಮೇಲಿನ ಮಾತು. ಮೊದಲು ಅವರು ಬೀಳಲಿ.

14 ಫೆಬ್ರವರಿ, ಶನಿವಾರ

ಮೇಷ್ಟ್ರನ್ನು ಸಿಕ್ಕಿಸಿ ಕೆಡವಲು ಭಟ್ಟಿಯ ಪ್ರಶ್ನೆಗಳು ಬೇಕು. ಅದಕ್ಕೆ ಭಟ್ಟಿಯನ್ನು ಪೂರ್ತಿ ತಿಳಿದಿರಬೇಕು. ಆದ್ದರಿಂದ ಮೊದಲ ಬಸ್ಸಿಗೇ ಹೋದೆ. ಇದು ಯುದ್ಧದ ತಯಾರಿ, ಅಷ್ಟೆ.

ಶುಕ್ರವಾರ ರಜೆ. ಹಾಗಾಗಿ ಶನಿವಾರ ಬೆಳಿಗ್ಗೆ ಒಲೆ ತಣ್ಣಗಿರುತ್ತದೆ. ತಿಮ್ಮವ್ವ ಮೊದಲು ಬೆಂಕಿ ಹಚ್ಚಲಿಲ್ಲ. ಮೊದಲು ಬೂದಿ ತೆಗೆದಳು. ಕೆಳಗಿನ ಕಿಂಡಿಯಿಂದ ಸಲಾಕೆ ಹಾಕಿ ಎಳೆದಳು, ಎಳೆದಳು, ನಾಲ್ಕು ಪುಟ್ಟಿ.

“ಯಾಕವ್ವ ಇಷ್ಟು?”

“ಇದು ಕುಂತ್ರೆ ಅದು ಉಸಿರಾಡಂಗಿಲ್ಲ. ತಿನ್ನಿಸೋರು ಭಾಳ ಮಂದಿ ಅದಾರೆ, ಇದನ್ನ ತೆಗೆಯೋರು ಯಾರು?”

ಆಮೇಲೆ ಕುಳ್ಳು, ಕಟ್ಟಿಗೆ. ಬೆಂಕಿ ಹಿಡಿಯಿತು, ಆದರೆ ಹೊಗೆ ನಮ್ಮ ಮುಖಕ್ಕೇ ಬಂತು. ಅವಳು ಹೊಟ್ಟು ಹಾಕಲಿಲ್ಲ, ಕಾದಳು. ಹೊಗೆಗೂಡು ಬಿಸಿಯಾಗುತ್ತಿದ್ದಂತೆ ಒಮ್ಮೆಲೇ ಒಲೆ ‘ಗುಂಯ್’ ಎಂದಿತು. ಕೆಳಗಿನ ಕಿಂಡಿಗೆ ಅಂಗೈ ಹಿಡಿದು ನೋಡು ಎಂದಳು. ಹಿಡಿದೆ. ಹೊರಗಿನ ತಣ್ಣನೆಯ ಗಾಳಿ ನನ್ನ ಬೆರಳುಗಳ ಸಂದಿಯಿಂದ ಒಳಕ್ಕೆ ಹರಿಯುತ್ತಿತ್ತು. ಯಾರೂ ಊದುತ್ತಿರಲಿಲ್ಲ.

“ಈಗ ಹೊಟ್ಟು ಹಾಕು. ಈಗ ತಿಂತೈತೆ. ಒಳಗ ಬಿಸಿ, ಹೊರಗ ತಂಪು, ಅದಕ್ಕ ಎಳಿತೈತೆ. ಎಲ್ಲಾ ಒಂದೇ ಸಮ ಆತಂದ್ರೆ ಮುಗೀತು, ಭಟ್ಟಿ ಸತ್ತಂಗೆ.”

ಎರಡು ತಾಸು ನಾನೇ ಹೊಟ್ಟು ಎರಚಿದೆ. ಒಂದೇ ಸಲಕ್ಕೆ ಹೆಚ್ಚು ಹಾಕಿ ಎರಡು ಬಾರಿ ಬೈಸಿಕೊಂಡೆ. ಬೊಗಸೆ ಹಿಡಿದು ಹಾಕಬಾರದು, ಬೆರಳ ತುದಿಯಿಂದ ಚೆಲ್ಲಬೇಕು. ಬೆಂಕಿಗೂ ತುತ್ತು ಮಾಡಿ ಉಣಿಸಬೇಕು.

ಒಳಗೆ ಬಿಸಿ, ಹೊರಗೆ ತಂಪು. ಇಡೀ ದಿನ ತಲೆಯಲ್ಲಿ ಅದೇ. ಹೊಟ್ಟು ಇದ್ದರೆ ಸಾಲದು, ಕಟ್ಟಿಗೆ ಇದ್ದರೂ ಸಾಲದು. ಒಳಗಿಗೂ ಹೊರಗಿಗೂ ವ್ಯತ್ಯಾಸವಿರಬೇಕು. ಆ ವ್ಯತ್ಯಾಸವನ್ನು ಹೊತ್ತು ಹೊತ್ತಿಗೆ ಯಾವುದಾದರೂ ಉಳಿಸುತ್ತಿರಬೇಕು. ಹಾಗಾದರೆ ಸಮುದ್ರದ ತಳದಲ್ಲಿ?

ಮನೆಗೆ ಬಂದಾಗ ಅಮ್ಮ ನನ್ನ ತಲೆಗೂದಲನ್ನು ಮೂಸಿ ನೋಡಿದಳು. ಸೀಗೆಪುಡಿಯ ಡಬ್ಬಿ ತಂದಿಟ್ಟಳು.

21 ಫೆಬ್ರವರಿ, ಶನಿವಾರ

ವಾರದಲ್ಲಿ ನಾಲ್ಕು ದಿನ ಭಟ್ಟಿ, ಎರಡು ದಿನ ಲೈಬ್ರರಿ. ಮಕ್ಕಳ ಪಾಠ ಹಿಂದೆ ಬಿತ್ತು. ಪರೀಕ್ಷೆ ಹತ್ತಿರ ಬಂದಿದೆ, ಸರಿದೂಗಿಸಬೇಕು.

ಲೈಬ್ರರಿಯಲ್ಲಿ ಹೊಸ ಲೇಖನವೊಂದು ಸಿಕ್ಕಿತು. ನಿಘಂಟು ಪಕ್ಕದಲ್ಲಿಟ್ಟುಕೊಂಡು ಮೂರು ಸಲ ಓದಿದೆ. ಆದಿಕಾಲದ ಸಮುದ್ರದ ನೀರು ಸ್ವಲ್ಪ ಆಮ್ಲ. ನೆಲದೊಳಗಿಂದ ಒಸರುವ ಬಿಸಿನೀರು ಕ್ಷಾರ. ಎರಡೂ ಕೂಡುವಲ್ಲಿ ಕಬ್ಬಿಣ-ಗಂಧಕದ ತೆಳ್ಳನೆಯ ಗೋಡೆ, ಸಣ್ಣ ಸಣ್ಣ ಗೂಡುಗಳು. ಗೋಡೆಯ ಆಚೆ ಒಂದು ಗುಣ, ಈಚೆ ಇನ್ನೊಂದು. ಆ ವ್ಯತ್ಯಾಸವೇ ಮೊದಲ ಚಯಾಪಚಯವನ್ನು ಎಳೆದು ನಡೆಸಿರಬಹುದು ಎನ್ನುತ್ತಾರೆ. ಇಂದಿಗೂ ನಮ್ಮ ಒಂದೊಂದು ಜೀವಕೋಶವೂ ತೆಳ್ಳನೆಯ ಪೊರೆಯ ಆಚೆ ಈಚೆ ಇಂಥದೇ ವ್ಯತ್ಯಾಸವನ್ನು ಕಟ್ಟಿಕೊಂಡು ಬದುಕುತ್ತದೆ. ಓದುತ್ತ ಓದುತ್ತ ನನ್ನ ಅಂಗೈ ತಣ್ಣಗಾಯಿತು. ನಿಜವಾಗಿಯೂ ಕಿಂಡಿಗೆ ಹಿಡಿದ ಹಾಗೆ.

ಇದೆಲ್ಲ ರುಜುವಾತಾಗಿಲ್ಲ. ಹೋದ ವರ್ಷ ಪ್ರಯೋಗಾಲಯದಲ್ಲಿ ಕಬ್ಬಿಣ ಮತ್ತು ನಿಕ್ಕಲ್‌ನ ಗಂಧಕ ಖನಿಜಗಳ ಮೇಲೆ ಅಸಿಟಿಕ್ ಆಮ್ಲ ಮಾಡಿ ತೋರಿಸಿದ್ದಾರೆ, ಅಷ್ಟೆ. ಅದು ಒಂದು ಹೆಜ್ಜೆ. ಸುತ್ತು ಇನ್ನೂ ಯಾರ ಕೈಗೂ ಸಿಕ್ಕಿಲ್ಲ. ನಾನು ಬರೆಯುವಾಗ ‘ಹೀಗೆಯೇ’ ಎಂದು ಬರೆದಿದ್ದೆ. ‘ಹೀಗಿರಬಹುದು’ ಎಂದು ಬರೆಯಬೇಕಿತ್ತು.

ವೀರೇಶ ಕೇಳಿದ: “ಏನ್ರಿ ಮೇಡಂ, ಸಭೆಗೆ ಭಾಷಣ ರೆಡಿನಾ? ಬೈಗುಳ ಕಡಿಮಿ ಬಿದ್ರೆ ನಮ್ಮ ಓಣಿಯಾಗೆ ಸಿಗ್ತಾವೆ.”

ಚೀಲದಿಂದ ಹಾಳೆ ತೆಗೆದೆ. ಹನ್ನೊಂದು ಪುಟ ಆಗಿದೆ. ಹನ್ನೊಂದೂ ಬೂದಿಯ ಬಗ್ಗೆ, ಗಾಳಿಯ ಬಗ್ಗೆ. ಮೇಷ್ಟ್ರ ಹೆಸರು ಒಂದು ಕಡೆಯೂ ಇಲ್ಲ. ನಾಳೆ ಸೇರಿಸಬೇಕು.

27 ಫೆಬ್ರವರಿ, ಶುಕ್ರವಾರ

ನಾಳೆ. ಮಾಮುವೂ ತಿಮ್ಮವ್ವನೂ ಒಲೆ ಹಚ್ಚುವುದನ್ನು ತಡಮಾಡಿ ಸಭೆಗೆ ಬರುತ್ತಾರೆ. ಮೇಷ್ಟ್ರು ಬೀಳುವುದನ್ನು ಕಣ್ಣು ತುಂಬ ನೋಡುತ್ತೇನೆ. ದಯೆ ಇಲ್ಲ.

28 ಫೆಬ್ರವರಿ, ಶನಿವಾರ

ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ಸಭಾಂಗಣ ತುಂಬಿತ್ತು. ಹಾರ, ಶಾಲು, ಬಿಡುಗಡೆ. ಮೇಷ್ಟ್ರು ಅರ್ಧ ಗಂಟೆ ಮಾತಾಡಿದರು. ಪ್ರಶ್ನೆಗಳಿದ್ದರೆ ಕೇಳಿ ಎಂದರು. ಎದ್ದೆ.

“ಸರ್, ಮೂವತ್ತೊಂದನೇ ಪುಟದ ಭಟ್ಟಿ ಯಾವುದು? ಯಾವಾಗ ನೋಡಿದ್ರಿ?”

“ದಾವಣಗೆರೆಯಾಗೆ ಹುಟ್ಟಿ ಬೆಳೆದೋನಿಗೆ ಭಟ್ಟಿ ತೋರಿಸ್ಬೇಕೇನಮ್ಮ?” ಜನ ನಕ್ಕರು. “ಸಣ್ಣೋನಿದ್ದಾಗಿಂದ ನೋಡೀನಿ.”

“ಹೊರಗಿನಿಂದ ಏನೂ ಬೇಡವಾ ಸರ್ ಅದಕ್ಕೆ?”

“ಏನೂ ಬ್ಯಾಡ. ಅದೇ ಅದರ ಸೊಗಸು.”

ಹಿಂದಿನ ಸಾಲಿನಿಂದ ತಿಮ್ಮವ್ವ ಎದ್ದಳು. ನಾನು ಸನ್ನೆ ಮಾಡಿರಲಿಲ್ಲ. “ಸ್ವಾಮೇರ, ಬರೇ ಹೊಟ್ಟಿನಾಗೆ ಭಟ್ಟಿ ನಡೆಸೋ ಇದ್ಯೆ ನಮಗೂ ಒಂಚೂರು ಕಲಿಸಿ ಹೋಗ್ರಿ. ಇಪ್ಪತ್ತು ವರ್ಷದಿಂದ ಕಟ್ಟಿಗಿ ಹೊತ್ತು ನನ್ನ ಸ್ವಂಟ ಬಿದ್ದೈತೆ.”

ಇಡೀ ಸಭೆ ಗೊಳ್ಳೆಂದಿತು. ಬಂದವರಲ್ಲಿ ಅರ್ಧ ಜನಕ್ಕೆ ಭಟ್ಟಿ ಗೊತ್ತು. “ಹೌದಲ್ರಿ, ಕಟ್ಟಿಗಿ ಬೇಕಲ್ರಿ” ಎಂದು ಅಲ್ಲಲ್ಲಿ ಕೂಗು. ಮೇಷ್ಟ್ರು ಶಾಲಿನಿಂದ ಹಣೆ ಒರೆಸಿಕೊಂಡರು. ನೀರು ಕುಡಿದರು. ಆಮೇಲೆ ಮೈಕಿನ ಹತ್ತಿರ ಬಾಗಿ ಹೇಳಿಯೇಬಿಟ್ಟರು:

“ನೋಡ್ರಿ, ಆ ಭಾಗ ನಂದಲ್ಲ. ಇದು ಮಾಸೂಮಾ ಬರೆದದ್ದು. ಇಡೀ ಕರಡೇ ಈ ಹುಡುಗಿದು. ನಾನು ಆಕೀನ ನಂಬಿ ಹಾಕಿದೆ, ನನ್ನ ತಪ್ಪೇನೈತಿ?”

ತಾವು ಏನು ಹೇಳಿದೆವೆಂದು ಅವರಿಗೆ ಹೊಳೆಯಲು ಒಂದು ಗಳಿಗೆ ಬೇಕಾಯಿತು. ಮುಂದಿನ ಸಾಲಿನಲ್ಲಿ ಗುರುಶಾಂತಮ್ಮ ತಲೆ ತಗ್ಗಿಸಿದರು. ವೀರೇಶ ಕುರ್ಚಿಯ ಮೇಲೆ ಹತ್ತಿ ನಿಂತಿದ್ದ.

ನಾನು ಬಯಸಿದ ಮಾತೇ. ಅವರ ಬಾಯಿಂದ, ಅದೇ ಮೈಕಿನಲ್ಲಿ. ಹೊಡೆತದ ಹಾಗೆ ಬಂತು.

ವೇದಿಕೆಗೆ ಹೋಗಿ ಮೈಕ್ ತೆಗೆದುಕೊಂಡೆ. “ಹೌದು, ಈ ಪುಸ್ತಕ ನಾನು ಬರೆದದ್ದು. ಈ ತಪ್ಪೂ ನನ್ನದೇ. ನಾನು ಭಟ್ಟಿಯವರ ಮನೆಯ ಮಗಳಾಗಿಯೂ ಭಟ್ಟಿಯ ಒಳಗೆ ಹೋಗಿರಲಿಲ್ಲ” ಎಂದೆ. ಆಮೇಲೆ ಕಿಂಡಿ, ಗಾಳಿ, ಬೂದಿ, ಸಮುದ್ರದ ತಳ, ತೆಳ್ಳನೆಯ ಗೋಡೆ. ಕಾಲು ಗಂಟೆ ಮಾತಾಡಿದೆನಂತೆ, ವೀರೇಶ ಹೇಳಿದ. ಒಬ್ಬ ಅಜ್ಜ ಎದ್ದು, “ಹಂಗಾದ್ರೆ ಮೊದಲನೇ ಸಲ ಬೂದಿ ತೆಗೆದೋರು ಯಾರು?” ಎಂದು ಕೇಳಿದರು. ನೀರೇ ತೊಳೆದುಕೊಂಡು ಹೋಗಿರಬಹುದು, ಗೊತ್ತಿಲ್ಲ, ಹುಡುಕಬೇಕು ಎಂದೆ. ಇಂಥ ಪ್ರಶ್ನೆಯನ್ನು ಇಷ್ಟು ದಿನ ನಾನೇ ಕೇಳಿಕೊಂಡಿರಲಿಲ್ಲ!

ಬಸ್ಸಿನಲ್ಲಿ ಕೂತ ಮೇಲೆ ನೆನಪಾಯಿತು. ಅವರ ಮುಖ ನೋಡುವುದನ್ನು ಮರೆತೆ. ಇಪ್ಪತ್ತೈದು ದಿನ ಅದಕ್ಕೇ ಕಾದಿದ್ದೆ. ಎಂಥ ನಷ್ಟ!

2 ಮಾರ್ಚ್, ಸೋಮವಾರ

ಮೇಷ್ಟ್ರು ವೀರೇಶನ ಕೈಯಲ್ಲಿ ನನ್ನ ಕೈಬರಹವನ್ನು ಕಳಿಸಿದ್ದಾರೆ. ಸಿಕ್ಕಿತಂತೆ. ಜೊತೆಗೆ ಒಂದು ಚೀಟಿ: ಪ್ರಕಾಶಕರು ಪ್ರತಿಗಳನ್ನು ಅಂಗಡಿಗಳಿಂದ ವಾಪಸು ತರಿಸುತ್ತಿದ್ದಾರೆ, ಮೊದಲ ಹಾಳೆಯನ್ನೂ ಮೂವತ್ತೊಂದನ್ನೂ ಹೊಸದಾಗಿ ಅಚ್ಚು ಹಾಕಿ ಅಂಟಿಸುತ್ತಾರೆ, ತಿದ್ದುಪಡಿ ಬರೆದುಕೊಡು, ಹೆಸರು ನಿನ್ನ ಇಷ್ಟದಂತೆ.

“ಕ್ಷಮಿಸಿಬಿಡು ಅತ್ಲಾಗೆ. ಮನುಷ್ಯ ಎರಡು ದಿನದಿಂದ ಹೊರಗೆ ಬಂದಿಲ್ಲ” ಎಂದ ವೀರೇಶ.

ಕ್ಷಮಿಸುವ ಮಾತೇ ಇಲ್ಲ. ಬರೆದುಕೊಡುತ್ತೇನೆ, ಆದರೆ ನನ್ನ ಷರತ್ತಿನ ಮೇಲೆ.

ಒಂದು, ಕಡರನಾಯಕನಹಳ್ಳಿಯ ಠರಾವನ್ನು ನಾನೇ ಹಿಂತೆಗೆದುಕೊಳ್ಳುತ್ತೇನೆ. ಇನ್ನು ಮೇಲೆ ಬಳಗದ ಎಲ್ಲ ಪುಸ್ತಿಕೆಯ ಮೇಲೂ ಬರೆದವರ ಹೆಸರು, ವಿಳಾಸ. ತಪ್ಪು ಕಂಡರೆ ತಿಮ್ಮವ್ವನಂಥವರು ಯಾರ ಮನೆಗೆ ಹೋಗಿ ಬೈಯಬೇಕು ಎಂದು ಗೊತ್ತಿರಬೇಕು.

ಎರಡು, ಅವರು ಮೊದಲು ಭಟ್ಟಿಗೆ ಬರಬೇಕು. ನೋಡಲು ಅಲ್ಲ, ಕೆಲಸಕ್ಕೆ. ನಾಲ್ಕು ಪುಟ್ಟಿ ಬೂದಿಯನ್ನು ಅವರೇ ಎಳೆಯಬೇಕು. ತಿಮ್ಮವ್ವ ಬೈದರೆ ಬೈಸಿಕೊಳ್ಳಬೇಕು. ಕಿಂಡಿಗೆ ಅಂಗೈ ಹಿಡಿಯಬೇಕು. ಆ ಅಜ್ಜನ ಪ್ರಶ್ನೆಗೆ ಅವರ ಹತ್ತಿರ ಏನಾದರೂ ಉತ್ತರವಿದೆಯೇ ಎಂದೂ ನನಗೆ ಕೇಳಬೇಕಿದೆ. ಆ ಪತ್ರಿಕೆಗಳನ್ನೆಲ್ಲ ಓದಿರುವವರು ಬಳಗದಲ್ಲಿ ನನ್ನನ್ನು ಬಿಟ್ಟರೆ ಅವರೊಬ್ಬರೇ.

ಪತ್ರದಲ್ಲಿ ‘ಬಿಳಿ ಬಟ್ಟೆ ಹಾಕಿಕೊಂಡು ಬರಬೇಡಿ’ ಎಂದು ಬರೆದಿದ್ದೆ. ಆ ಸಾಲನ್ನು ಹೊಡೆದು ಹಾಕಿದೆ. ಹಾಕಿಕೊಂಡೇ ಬರಲಿ.

ಷರತ್ತುಗಳನ್ನು ವೀರೇಶ ಬಾಯಲ್ಲೇ ಹೇಳುತ್ತಾನೆ. ಬರೆದು ಕಳಿಸಿದ್ದು ಇಷ್ಟೇ:

‘ಸರ್, ಗೌಸ್ ಪೀರ್ ಅವರ ಭಟ್ಟಿ. ಮಾರ್ಚ್ ಏಳು, ಶನಿವಾರ, ಬೆಳಿಗ್ಗೆ ಆರೂವರೆ.’